ಚೆನ್ನಾಗಿ ನಿದ್ದೆ ಬಂತು, ಏನೂ ಗೊತ್ತಾಗಲಿಲ್ಲ

ರಾತ್ರಿ ಜೋರು ಮಳೆ ಬಂತಂತೆ, ಕರೆಂಟು ಹೋಗಿತ್ತಂತೆ, ಬೀದಿನಾಯಿಗಳು ಊರು ಒಂದು ಮಾಡಿದವಂತೆ. ‘ಅಯ್ಯೋ, ನನಗೇನೂ ಗೊತ್ತೇ ಆಗಲಿಲ್ಲ, ಒಳ್ಳೇ ನಿದ್ದೆ!’ ಬೆಳಗಿನ ಕಾಫಿ ಹೊತ್ತಿನ ಈ ಮಾತನ್ನು ಯಾರೂ ನಿಲ್ಲಿಸಿ ಪ್ರಶ್ನಿಸುವುದಿಲ್ಲ. ಶಾಸ್ತ್ರದವರು ಮಾತ್ರ ಬಿಡಲಿಲ್ಲ. ‘ಸುಖಮಹಮಸ್ವಾಪ್ಸಂ, ನ ಕಿಂಚಿದವೇದಿಷಮ್’, ಅಂದರೆ ‘ಸುಖವಾಗಿ ಮಲಗಿದ್ದೆ, ಏನನ್ನೂ ಅರಿಯಲಿಲ್ಲ’ ಎಂಬ ಒಂದು ವಾಕ್ಯವನ್ನು ಇಟ್ಟುಕೊಂಡು ಶತಮಾನಗಟ್ಟಲೆ ಜಗಳವಾಡಿದರು.

ಜಗಳಕ್ಕೆ ಕಾರಣ ಇದೆ. ಗೊತ್ತಾಗಲಿಲ್ಲ ಎನ್ನುವುದು ಗೊತ್ತಾದದ್ದು ಹೇಗೆ? ಮಲಗಿದ್ದಾಗಲೇ ಗೊತ್ತಿತ್ತು ಅಂದರೆ ‘ಏನೂ’ ಎನ್ನುವುದು ಸುಳ್ಳಾಗುತ್ತದೆ. ಆಗ ಗೊತ್ತಿರಲಿಲ್ಲ ಅಂದರೆ ಈಗ ಇಷ್ಟು ಖಡಾಖಂಡಿತವಾಗಿ ಹೇಳಲು ಆಧಾರವೇನು? ಜ್ಞಾನವೆಂದರೇನು, ಆತ್ಮವೆಂದರೇನು ಎಂದು ಒಬ್ಬ ದಾರ್ಶನಿಕನನ್ನು ನೇರವಾಗಿ ಕೇಳಿದರೆ ಉತ್ತರ ಪುಟಗಟ್ಟಲೆ ಹೋಗುತ್ತದೆ. ಈ ವಾಕ್ಯಕ್ಕೆ ಅರ್ಥ ಹೇಳಿ ಎಂದರೆ ಸಾಕು, ಅವನು ಎಲ್ಲಿ ನಿಂತಿದ್ದಾನೆ ಎನ್ನುವುದು ತಾನಾಗಿಯೇ ಬಯಲಾಗುತ್ತದೆ.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಕಾಶಿಯ ರಾಜ ಅಜಾತಶತ್ರು ಪಂಡಿತ ಗಾರ್ಗ್ಯನ ಕೈ ಹಿಡಿದು, ಮಲಗಿದ್ದ ಒಬ್ಬನ ಬಳಿಗೆ ಕರೆದೊಯ್ಯುತ್ತಾನೆ. ದೊಡ್ಡ ದೊಡ್ಡ ಹೆಸರು ಹಿಡಿದು ಕೂಗುತ್ತಾನೆ, ಅವನು ಏಳುವುದಿಲ್ಲ. ಕೈಯಿಂದ ಒತ್ತಿ ಅಲುಗಾಡಿಸಿದ ಮೇಲೆ ಏಳುತ್ತಾನೆ. ಆಗ ಅಜಾತಶತ್ರು ಕೇಳುವ ಪ್ರಶ್ನೆ: ಈ ಅರಿವಿನ ಪುರುಷ ಆಗ ಎಲ್ಲಿದ್ದ, ಈಗ ಎಲ್ಲಿಂದ ಬಂದ? ಗಾರ್ಗ್ಯನಿಗೆ ಉತ್ತರ ಹೊಳೆಯುವುದಿಲ್ಲ. ಕೂಗಿದರೆ ಏಳದವನು ಮುಟ್ಟಿದರೆ ಎದ್ದ ಎಂಬ ಈ ಚಿಕ್ಕ ವಿವರ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲು ಒಂದು ಎಚ್ಚರಿಕೆ. ಇಲ್ಲಿ ಮಾತು ಕನಸಿಲ್ಲದ ಗಾಢನಿದ್ದೆಯದ್ದು, ಸುಷುಪ್ತಿಯದ್ದು. ಕನಸನ್ನು ಇದರೊಳಗೆ ಬೆರೆಸಿದರೆ ವಾದ ಪೂರ್ತಿ ಕೆಡುತ್ತದೆ. ಎಚ್ಚರ ತಪ್ಪಿ ಬೀಳುವುದನ್ನೂ ಬೆರೆಸಬಾರದು. ಬ್ರಹ್ಮಸೂತ್ರ ಮೂರ್ಛೆಗೆ ಬೇರೆಯೇ ಸೂತ್ರವಿಟ್ಟು ‘ಅರ್ಧಸಂಪತ್ತಿ’, ಅಂದರೆ ಅರ್ಧ ಮಾತ್ರ ಒಂದಾಗುವುದು, ಎನ್ನುತ್ತದೆ. ಅಲ್ಲಿ ಶಂಕರರು ಎರಡಕ್ಕೂ ಇರುವ ವ್ಯತ್ಯಾಸವನ್ನು ವೈದ್ಯರಂತೆ ಗುರುತು ಹಾಕಿಕೊಡುತ್ತಾರೆ. ಮಲಗಿದವನ ಮುಖ ಪ್ರಸನ್ನ, ಉಸಿರು ಸಮಸಮನಾಗಿ ಆಡುತ್ತದೆ, ಕಣ್ಣು ಮುಚ್ಚಿರುತ್ತದೆ, ಮೈ ನಡುಗುವುದಿಲ್ಲ, ಕೈಯಿಂದ ಒತ್ತಿದರೆ ಏಳುತ್ತಾನೆ. ಮೂರ್ಛೆ ಹೋದವನ ಮುಖ ಭಯಂಕರ, ಕಣ್ಣು ಅರಳಿರುತ್ತದೆ, ಕೊಡತಿಯಿಂದ ಹೊಡೆದರೂ ಏಳಲಾರ. ವೇದಾಂತವೆಂದರೆ ಬರೀ ಗಾಳಿಮಾತು ಎನ್ನುವವರು ಈ ಭಾಗವನ್ನೊಮ್ಮೆ ಓದಬೇಕು.

ನೈಯಾಯಿಕರಿಂದ, ಅಂದರೆ ತರ್ಕವನ್ನೇ ಹಿಡಿದ ನ್ಯಾಯದರ್ಶನದವರಿಂದ ಶುರುಮಾಡೋಣ, ಅವರದು ಲೆಕ್ಕ ಚೊಕ್ಕ. ಆತ್ಮ ಒಂದು ದ್ರವ್ಯ. ಜ್ಞಾನ ಅದರಲ್ಲಿ ಹುಟ್ಟಿ ಅಳಿಯುವ ಗುಣ. ಸುಖ, ದುಃಖ, ಇಚ್ಛೆ, ದ್ವೇಷಗಳೂ ಅಷ್ಟೇ. ಜ್ಞಾನ ಹುಟ್ಟಬೇಕಾದರೆ ಸರಪಳಿ ಕೂಡಬೇಕು: ಆತ್ಮಕ್ಕೆ ಮನಸ್ಸು, ಮನಸ್ಸಿಗೆ ಇಂದ್ರಿಯ, ಇಂದ್ರಿಯಕ್ಕೆ ವಿಷಯ. ಮನಸ್ಸು ಅಣುವಿನಷ್ಟು ಚಿಕ್ಕದು. ಯಾವ ಜ್ಞಾನಕ್ಕೇ ಆಗಲಿ, ಅದು ಮೈತುಂಬ ಹರಡಿರುವ ತ್ವಗಿಂದ್ರಿಯವನ್ನು, ಚರ್ಮದ ಸ್ಪರ್ಶೇಂದ್ರಿಯವನ್ನು, ಮುಟ್ಟಿಕೊಂಡಿರಬೇಕು. ಗಾಢನಿದ್ದೆಯಲ್ಲಿ ಮನಸ್ಸು ಪುರೀತತ್ ಎಂಬ ನಾಡಿಯೊಳಗೆ ಹೊಕ್ಕುಬಿಡುತ್ತದೆ, ಅಲ್ಲಿ ತ್ವಕ್ಕಿನ ಸಂಪರ್ಕ ಇಲ್ಲ. ಸರಪಳಿ ತುಂಡಾಯಿತು, ಜ್ಞಾನ ಹುಟ್ಟಲಿಲ್ಲ. ಆತ್ಮ ಇದೆ, ಅರಿವಿಲ್ಲ. ಹಾಗಾದರೆ ಉಸಿರಾಟ ಹೇಗೆ ನಡೆಯುತ್ತದೆ ಎಂದು ಕೇಳಿದರೆ ಅದಕ್ಕೂ ಉತ್ತರ ಇಟ್ಟುಕೊಂಡಿದ್ದಾರೆ: ‘ಜೀವನಯೋನಿ ಪ್ರಯತ್ನ’, ಇಚ್ಛೆಯಿಲ್ಲದೆಯೂ ನಡೆಯುವ, ಪ್ರಾಣ ಹಿಡಿದಿಡುವ ಆತ್ಮದ ಪ್ರಯತ್ನ.

ಹಾಗಿದ್ದರೆ ‘ಏನೂ ಗೊತ್ತಾಗಲಿಲ್ಲ’ ಎನ್ನುವುದು ಅವರ ಪಾಲಿಗೆ ನೆನಪಲ್ಲ, ಊಹೆ. ಮಲಗಿದ್ದು ನೆನಪಿದೆ, ಎದ್ದಿದ್ದು ಕಣ್ಣೆದುರಿಗಿದೆ. ನಡುವೆ ನಾನು ಇದ್ದೇ ಇರಬೇಕು, ಆದರೆ ಆ ಹೊತ್ತಿನದು ಒಂದೂ ನೆನಪಿಗೆ ಬರುತ್ತಿಲ್ಲ, ಆದ್ದರಿಂದ ಆಗ ಜ್ಞಾನ ಇರಲಿಲ್ಲ. ‘ಸುಖವಾಗಿ’ ಎನ್ನುವುದೂ ಹಾಗೆಯೇ: ಮೈ ಹಗುರಾಗಿದೆ, ದುಃಖವಾದದ್ದಂತೂ ಇಲ್ಲ, ಅದನ್ನೇ ಸುಖ ಎನ್ನುತ್ತಿದ್ದೇವೆ.

ಕೇಳಲು ಎಷ್ಟು ಸಲೀಸು! ಕೈ ಹಾಕಿ ನೋಡಿದರೆ ಎರಡು ಕಡೆ ಸೋರುತ್ತದೆ. ನೆನಪಿಲ್ಲ ಎಂದ ಮಾತ್ರಕ್ಕೆ ಅರಿವಿರಲಿಲ್ಲ ಎಂದಾಗದು. ದಾರಿಯಲ್ಲಿ ನಡೆಯುವಾಗ ಕಾಲಿಗೆ ತಗುಲಿದ ಹುಲ್ಲು ಸಂಜೆಗೆ ನೆನಪಿರುವುದಿಲ್ಲ, ತಗುಲಿದಾಗ ಅರಿವಾಗಿತ್ತು. ಇದಕ್ಕೆ ನೈಯಾಯಿಕರು ಹುಲ್ಲಲ್ಲ, ಆನೆ ತರುತ್ತಾರೆ: ಬೆಳಿಗ್ಗೆ ಅಂಗಳದಲ್ಲಿ ಆನೆ ಇತ್ತೇ ಎಂದು ಸಂಜೆ ಕೇಳಿದರೆ ‘ಇರಲಿಲ್ಲ’ ಎಂದು ಧೈರ್ಯವಾಗಿ ಹೇಳುತ್ತೀರಿ, ಇದ್ದಿದ್ದರೆ ನೆನಪಿರುತ್ತಿತ್ತು. ಒಪ್ಪೋಣ. ಆದರೆ ಸುಷುಪ್ತಿಯ ಅರಿವು ಆನೆಯ ಜಾತಿಯದೋ ಹುಲ್ಲಿನ ಜಾತಿಯದೋ ಎಂದು ನಿರ್ಧರಿಸುವವರು ಯಾರು?

ಎರಡನೆಯ ಸೋರಿಕೆ ಇನ್ನೂ ದೊಡ್ಡದು. ‘ಆಗ ಜ್ಞಾನದ ಸಾಮಗ್ರಿ ಇರಲಿಲ್ಲ, ಅದಕ್ಕೇ ಜ್ಞಾನ ಇರಲಿಲ್ಲ’ ಎಂದು ಹೇತು ಕೊಟ್ಟರೆ, ಸಾಮಗ್ರಿ ಇರಲಿಲ್ಲವೆಂದು ಗೊತ್ತಾದದ್ದು ಹೇಗೆ? ಮನಸ್ಸು ಪುರೀತತ್ತಿಗೆ ಹೋದದ್ದನ್ನು ಯಾರೂ ಕಂಡಿಲ್ಲ. ಜ್ಞಾನ ಇರಲಿಲ್ಲ ಎಂಬುದರಿಂದಲೇ ಅದನ್ನು ಊಹಿಸಬೇಕು. ಇದು ಅದಕ್ಕೆ ಆಧಾರ, ಅದು ಇದಕ್ಕೆ ಆಧಾರ. ತರ್ಕದವರೇ ಹೆಸರಿಟ್ಟ ದೋಷ ಇದು, ಅನ್ಯೋನ್ಯಾಶ್ರಯ.

ಅದ್ವೈತಿಗಳು ನುಗ್ಗುವುದು ಈ ಬಿರುಕಿನಲ್ಲೇ. ಹದಿನಾಲ್ಕನೆಯ ಶತಮಾನದ ಅದ್ವೈತಗ್ರಂಥ ಪಂಚದಶಿಯ ಮೊದಲ ಪ್ರಕರಣದಲ್ಲೇ ವಾದವನ್ನು ಎರಡು ಸಾಲಿಗೆ ಹಿಂಡಿ ಇಟ್ಟಿದೆ: ಎದ್ದವನಿಗೆ ಆಗುವ ಸುಷುಪ್ತಿಯ ಕತ್ತಲೆಯ ಬೋಧ ನೆನಪು, ನೆನಪು ಅರಿತದ್ದರದ್ದೇ ಆಗಿರುತ್ತದೆ, ಹಾಗಾಗಿ ಆ ಕತ್ತಲೆ ಆಗ ಅರಿವಿಗೆ ಬಂದಿತ್ತು. ಅಂದರೆ ಗಾಢನಿದ್ದೆಯಲ್ಲಿ ಅರಿವು ಆರುವುದಿಲ್ಲ, ಅದಕ್ಕೆ ತೋರುವ ವಸ್ತು ಇರುವುದಿಲ್ಲ, ಅಷ್ಟೇ. ಜ್ಞಾನ ಆತ್ಮದ ಗುಣವಲ್ಲ, ಆತ್ಮವೇ ಅರಿವು. ದೀಪ ಉರಿಯುತ್ತಿದೆ, ಕೋಣೆ ಖಾಲಿ.

ಇದು ಚೆಂದ, ಆದರೆ ಪುಕ್ಕಟೆ ಬರುವುದಿಲ್ಲ. ನೆನಪಿಗೆ ಸಂಸ್ಕಾರ ಬೇಕು. ಒಂದು ಅನುಭವ ಕಳೆದುಹೋಗುವಾಗ ಬಿಟ್ಟುಹೋಗುವ ಅಚ್ಚೇ ಸಂಸ್ಕಾರ. ಸಾಕ್ಷಿಚೈತನ್ಯವೋ, ಎಲ್ಲವನ್ನೂ ಸುಮ್ಮನೆ ಬೆಳಗುವ ಆ ಅರಿವು, ನಿತ್ಯ, ಅದು ಕಳೆದುಹೋಗುವುದೇ ಇಲ್ಲ. ಕಳೆಯದ್ದು ಅಚ್ಚು ಬಿಡುವುದು ಹೇಗೆ? ಅಚ್ಚಿಲ್ಲದೆ ನೆನಪು ಎಲ್ಲಿಂದ? ಈ ತೊಡಕು ಬಿಡಿಸಲು ಅದ್ವೈತದೊಳಗಿನ ವಿವರಣ ಪಂಥದವರು ಸುಷುಪ್ತಿಯಲ್ಲಿ ಅವಿದ್ಯೆಯದೇ (ಅಜ್ಞಾನದ್ದೇ) ಸೂಕ್ಷ್ಮ ವೃತ್ತಿಗಳನ್ನು, ಅಂದರೆ ಮಾರ್ಪಾಡುಗಳನ್ನು, ಒಪ್ಪಿದರು: ಅಜ್ಞಾನದ ಆಕಾರದ್ದೊಂದು, ಸುಖದ ಆಕಾರದ್ದೊಂದು, ಸಾಕ್ಷಿಯ ಆಕಾರದ್ದೊಂದು. ವೃತ್ತಿ ಅಳಿಯುತ್ತದೆ, ಅಚ್ಚು ಬಿಡುತ್ತದೆ, ಬೆಳಿಗ್ಗೆ ನೆನಪಾಗುತ್ತದೆ. ಯಂತ್ರ ಓಡುತ್ತದೆ ನಿಜ. ಆದರೆ ಒಂದು ನೆನಪನ್ನು ಉಳಿಸಿಕೊಳ್ಳಲು ಮೂರು ಹೊಸ ವೃತ್ತಿ ಕಲ್ಪಿಸಬೇಕಾಯಿತು. ನನ್ನ ಮಟ್ಟಿಗೆ ಇದು ತೇಪೆ. ಅದ್ವೈತದ ಒಳಗೇ ಎಲ್ಲರೂ ಒಪ್ಪಿದ್ದಲ್ಲ: ಶಂಕರರ ನೇರ ಶಿಷ್ಯ ಸುರೇಶ್ವರರೇ ತಮ್ಮ ಬೃಹದಾರಣ್ಯಕ ವಾರ್ತಿಕದಲ್ಲಿ ‘ಅರಿಯಲಿಲ್ಲ’ ಎಂಬುದು ನೆನಪಲ್ಲ ಎಂದುಬಿಟ್ಟಿದ್ದಾರೆ. ಅದ್ವೈತವೆಂದರೆ ಒಂದೇ ದನಿ ಎಂದುಕೊಂಡವರು ಇಲ್ಲಿ ಎಡವುತ್ತಾರೆ.

ಇಷ್ಟರಲ್ಲಿ ವಾಕ್ಯದ ‘ನಾನು’ ಬಾಕಿ ಉಳಿಯಿತು. ಸುಷುಪ್ತಿಯಲ್ಲಿ ಅಹಂಕಾರ ಲಯವಾಗಿರುತ್ತದೆ ಎನ್ನುವ ಅದ್ವೈತಿ, ಮಲಗಿದ್ದಾಗ ‘ನಾನು’ ಇರಲಿಲ್ಲ, ಎದ್ದ ಮೇಲೆ ಹುಟ್ಟಿದ ‘ನಾನು’ ಹಿಂದಿನದಕ್ಕೆ ಅಂಟಿಕೊಂಡಿತು ಎನ್ನಬೇಕಾಗುತ್ತದೆ. ರಾಮಾನುಜರಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. ‘ನಾನು’ ಎಂದು ತೋರುವುದೇ ಆತ್ಮ, ಅದನ್ನು ಕಿತ್ತ ಮೇಲೆ ಉಳಿಯುವ ಬರೀ ಅರಿವು ಯಾರದ್ದು? ನಿದ್ದೆಯಲ್ಲಿ ಹೊರಗೆ ಚಾಚುವ ಧರ್ಮಭೂತ ಜ್ಞಾನ, ಆತ್ಮದ ಗುಣವಾಗಿರುವ ಅರಿವು, ಮುದುಡಿಕೊಳ್ಳುತ್ತದೆ, ‘ನಾನು’ ಎಂಬ ತೋರಿಕೆ ಮಂಕಾಗಿ ಉಳಿದೇ ಇರುತ್ತದೆ. ‘ಸುಖವಾಗಿ ಮಲಗಿದ್ದೆ’ ಎನ್ನುವವನ ಭಾವ ‘ಈಗ ಸುಖವೆನಿಸುವ ಹಾಗೆ ಮಲಗಿದ್ದೆ’ ಎಂದಲ್ಲ, ಆಗಲೇ ಸುಖವಿತ್ತು ಎಂದು. ನೈಯಾಯಿಕನ ‘ಮೈ ಹಗುರ’ದ ವಾದಕ್ಕೆ ಇಲ್ಲಿ ನೇರ ಪೆಟ್ಟು.

ಆದರೆ ಜನ ‘ನನ್ನ ಮೇಲೆ ನನಗೇ ಎಚ್ಚರ ಇರಲಿಲ್ಲ’ ಎಂದೂ ಹೇಳುತ್ತಾರಲ್ಲ? ಛಾಂದೋಗ್ಯದಲ್ಲಿ ಇಂದ್ರನ ತಕರಾರೂ ಇದೇ. ಸುಷುಪ್ತಿಯೇ ಆತ್ಮ ಎಂದು ಪ್ರಜಾಪತಿ ಹೇಳಿದ್ದನ್ನು ಕೇಳಿ ಹೊರಟವನು ಅರ್ಧ ದಾರಿಯಿಂದ ತಿರುಗಿ ಬಂದ: ಮಲಗಿದವನಿಗೆ ‘ನಾನು ಇವನು’ ಎಂದು ತನ್ನ ಅರಿವೂ ಇಲ್ಲ, ಉಳಿದವರ ಅರಿವೂ ಇಲ್ಲ, ಹಾಳಾಗಿಯೇ ಹೋದಂತೆ, ಇದರಲ್ಲಿ ನನಗೇನೂ ಪ್ರಯೋಜನ ಕಾಣೆ. ಮೂವತ್ತೆರಡು ವರ್ಷದಂತೆ ಮೂರು ಸಲ, ಮೇಲೆ ಐದು, ಒಟ್ಟು 101 ವರ್ಷ ಕಾದು ಕೇಳಿದವನ ಪ್ರಶ್ನೆ, ಹಗುರವಾಗಿ ತಳ್ಳುವಂತಿಲ್ಲ. ‘ನನ್ನನ್ನೂ ನಾನು ಅರಿಯಲಿಲ್ಲ’ ಎಂಬ ವಾಕ್ಯವನ್ನು ರಾಮಾನುಜರು ಬಿಡಿಸುವ ರೀತಿ ಜಾಣತನದ್ದು. ಅಲ್ಲಿ ಎರಡು ‘ನಾನು’ ಇವೆ. ‘ನನ್ನನ್ನು’ ಎಂಬುದು ಕುಲ ಮೊದಲಾದ ವಿಶೇಷಣ ಹೊತ್ತ ಎಚ್ಚರದ ನಾನು. ‘ನಾನು ಅರಿಯಲಿಲ್ಲ’ ಎಂಬುದು ಮಂಕಾಗಿ ಉಳಿದ ನಿದ್ದೆಯ ನಾನು. ಮರೆತದ್ದು ಮೊದಲನೆಯದನ್ನು ಮಾತ್ರ.

ಒಂದು ಪಕ್ಕದ ಮಾತು. ಸಂಸ್ಕೃತದಲ್ಲಿ ‘ಅಹಂ ಅಸ್ವಾಪ್ಸಂ’, ನಾನು ಕರ್ತೃ. ಕನ್ನಡದಲ್ಲಿ ನನಗೆ ನಿದ್ದೆ ಬಂತು, ನನಗೆ ಗೊತ್ತಾಗಲಿಲ್ಲ, ನನಗೆ ಎಚ್ಚರವಾಯಿತು. ಎಲ್ಲ ‘ನನಗೆ’. ನಿದ್ದೆಯೂ ಅರಿವೂ ನೆಂಟರಂತೆ ಬಂದು ಹೋಗುತ್ತವೆ, ‘ನಾನು’ ಜಗಲಿಯಂತೆ ಬಿದ್ದಿರುತ್ತದೆ. ಈ ವ್ಯಾಕರಣ ಕೈಗೆ ಸಿಕ್ಕಿದ್ದರೆ ನೈಯಾಯಿಕ ಹಬ್ಬ ಮಾಡುತ್ತಿದ್ದ. ವ್ಯಾಕರಣದಿಂದ ತತ್ತ್ವ ಸಿದ್ಧವಾಗದು, ಬಿಡಿ. ಆದರೆ ಸಂಸ್ಕೃತದ ವಾಕ್ಯ ‘ಅಹಂ’ ಪಕ್ಷಕ್ಕೆ ಸ್ವಲ್ಪ ಮುಂಗಡ ಕೊಟ್ಟಿದೆ ಎಂಬುದು ಗಮನದಲ್ಲಿರಲಿ.

ಉಡುಪಿ ಹತ್ತಿರದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ಪಂಥ ಇದೇ ವಾಕ್ಯಕ್ಕೆ ಬೇರೆಯವರು ಕಡೆಗಣಿಸಿದ್ದ ಒಂದು ತುಂಡನ್ನು ಸೇರಿಸಿ ಓದುತ್ತದೆ: ‘ಏತಾವಂತಂ ಕಾಲಂ’, ಇಷ್ಟು ಹೊತ್ತು. ಇಷ್ಟು ಹೊತ್ತು ಸುಖವಾಗಿ ಮಲಗಿದ್ದೆ. ಕಣ್ಣು ಕಿವಿ ಕೆಲಸ ಮಾಡದಿದ್ದಾಗ ಕಾಲ ಸರಿದದ್ದು ಯಾವುದಕ್ಕೆ ತಿಳಿಯಿತು? ಮಧ್ವರ ಉತ್ತರ ಸಾಕ್ಷಿ. ಪದ ಅದ್ವೈತಿಗಳದ್ದೇ, ಸರಕು ಬೇರೆ. ಇಲ್ಲಿ ಸಾಕ್ಷಿ ಪ್ರತಿ ಜೀವದ ಸ್ವಂತ ಇಂದ್ರಿಯ, ಸ್ವರೂಪೇಂದ್ರಿಯ. ಅದು ತನ್ನನ್ನು, ಸುಖದುಃಖವನ್ನು, ಅಜ್ಞಾನವನ್ನು, ಕಾಲವನ್ನು ನೇರವಾಗಿ ಕಾಣುತ್ತದೆ. ಒಂದು ಜ್ಞಾನ ಸರಿಯೆಂದು ಕೊನೆಗೆ ಮುದ್ರೆ ಒತ್ತುವುದೂ ಅದೇ. ಅದಕ್ಕೆ ಮೇಲೆ ಇನ್ನೊಂದು ಕೋರ್ಟು ಇಲ್ಲ. ವಿಜಯನಗರದ ಕಾಲದಲ್ಲಿ ವ್ಯಾಸತೀರ್ಥರು (1460–1539) ನ್ಯಾಯಾಮೃತದಲ್ಲಿ ‘ನಾನು’ ಆತ್ಮವಲ್ಲ ಎಂಬ ಅದ್ವೈತದ ಮಾತನ್ನು ತರ್ಕದ ಅರದಿಂದ ಉಜ್ಜಿ ಉಜ್ಜಿ ತೆಗೆದರು, ಅದಕ್ಕೆ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯಲ್ಲಿ ಸಾಲುಸಾಲಾಗಿ ಉತ್ತರ ಬರೆದರು.

‘ಇಷ್ಟು ಹೊತ್ತು’ ಎಂಬುದು ಊಹೆಯೇ ಯಾಕಾಗಬಾರದು ಎನ್ನಬಹುದು. ಕಿಟಕಿಯ ಬೆಳಕು, ಹೊಟ್ಟೆಯ ಹಸಿವು, ಮಗ್ಗುಲು ಹಿಡಿದದ್ದು, ಎಲ್ಲ ಸುಳಿವು ಕೊಡುತ್ತವೆ. ಹಾಗೆಂದು ಮಧ್ವರ ವಾದ ಬಿದ್ದುಹೋಗದು. ಸುಳಿವಿನಿಂದ ಎಷ್ಟು ಹೊತ್ತು ಎಂದು ಅಳೆಯಬಹುದು. ಹೊತ್ತು ಎಂಬುದೇ ಸರಿಯಿತು ಎಂಬ ಅನಿಸಿಕೆ ಅಳತೆಗಿಂತ ಮೊದಲಿನದು.

ಸುಖ ಎಂಬ ತುಂಡಿನ ಬಗ್ಗೆ ಎಲ್ಲರಿಗಿಂತ ನೆಲದ ಮೇಲೆ ನಿಂತು ಮಾತಾಡಿದ್ದು ಯೋಗಸೂತ್ರದ ವ್ಯಾಸಭಾಷ್ಯ. ಸೂತ್ರ ನಿದ್ದೆಯನ್ನೂ ಒಂದು ಚಿತ್ತವೃತ್ತಿ ಎನ್ನುತ್ತದೆ. ಭಾಷ್ಯ ಮೂರು ಬಗೆಯ ಏಳುವಿಕೆ ಕೊಡುತ್ತದೆ: ಸುಖವಾಗಿ ಮಲಗಿದ್ದೆ, ಮನಸ್ಸು ತಿಳಿಯಾಗಿದೆ; ಕಷ್ಟದಲ್ಲಿ ಮಲಗಿದ್ದೆ, ಮನಸ್ಸು ಜಡ, ನಿಲ್ಲದೆ ಅಲೆಯುತ್ತಿದೆ; ಮೈಮರೆತು ಬಿದ್ದಿದ್ದೆ, ಕೈಕಾಲು ಭಾರ, ಚಿತ್ತ ಯಾರೋ ಕದ್ದೊಯ್ದಂತಿದೆ. ಎಲ್ಲ ಗಾಢನಿದ್ದೆಯೂ ಒಂದೇ ಅಲ್ಲ ಎಂಬ ಈ ಗಮನಿಕೆ ವೇದಾಂತಿಗಳ ಜಗಳದಲ್ಲಿ ಮರೆಯಾಗಿಹೋಯಿತು. ಸುಷುಪ್ತಿಯೆಂದರೆ ಸುಖವೇ ಎಂದು ಹಿಡಿದವರು ಎರಡನೆಯ, ಮೂರನೆಯ ವಾಕ್ಯಕ್ಕೆ ಸರಿಯಾದ ಲೆಕ್ಕ ಕೊಡುವುದು ಕಷ್ಟ.

ಇಪ್ಪತ್ತನೆಯ ಶತಮಾನದಲ್ಲಿ ಚರ್ಚೆಗೆ ದೊಡ್ಡ ತಿರುವು ಸಿಕ್ಕಿದ್ದು ನಮ್ಮಲ್ಲೇ. ಮುಂದೆ ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಗಳಾದ ವೈ. ಸುಬ್ಬರಾಯರು 1929ರಲ್ಲಿ ‘ಮೂಲಾವಿದ್ಯಾನಿರಾಸ’ ಪ್ರಕಟಿಸಿದರು. ಸುಷುಪ್ತಿಯಲ್ಲಿ ಅಜ್ಞಾನವೆಂಬ ಭಾವರೂಪದ, ಅಂದರೆ ನಿಜವಾಗಿ ಇರುವ ವಸ್ತುವಿನಂಥ, ಕತ್ತಲೆ ಇರುತ್ತದೆ ಎಂಬುದು ಶಂಕರರದ್ದಲ್ಲ, ವ್ಯಾಖ್ಯಾನಕಾರರು ತಂದು ಸೇರಿಸಿದ್ದು ಎಂದು ಅವರ ವಾದ. ಅವಿದ್ಯೆ ಎಂದರೆ ಒಂದನ್ನು ಇನ್ನೊಂದೆಂದು ತಿಳಿಯುವ ಅಧ್ಯಾಸ, ಅದಕ್ಕೆ ಎರಡು ಬೇಕು. ಸುಷುಪ್ತಿಯಲ್ಲಿ ಎರಡನೆಯದೇ ಇಲ್ಲ. ‘ನೋಡುತ್ತಿದ್ದೇ ನೋಡುವುದಿಲ್ಲ, ನೋಡುವವನ ನೋಟಕ್ಕೆ ಲೋಪವಿಲ್ಲ’ ಎಂಬ ಬೃಹದಾರಣ್ಯಕದ ಮಾತಿಗೂ ಕಾರಣ ಇದೇ. ‘ಏನೂ ಗೊತ್ತಾಗಲಿಲ್ಲ’ ಎಂದರೆ ಗೊತ್ತಾಗಲು ಏನೂ ಇರಲಿಲ್ಲ. ಎಚ್ಚರದಲ್ಲಿ ಕೂತು ನಿದ್ದೆಯನ್ನು ಅಳೆಯುವವನು ತನ್ನ ಅಳತೆಗೋಲನ್ನೇ ಅದರೊಳಗೆ ತುರುಕುತ್ತಾನೆ. ವಿವರಣದ ಮೂರು ವೃತ್ತಿಗಳು ಒಂದೇ ಏಟಿಗೆ ಬೇಡವಾದವು. ಕನ್ನಡದಲ್ಲಿ ಅವರು ಬರೆದದ್ದು ರಾಶಿ, ಓದಿದರೆ ತಲೆ ತಿಳಿಯಾಗುತ್ತದೆ.

ಅವರಿಗೂ ಎದುರೇಟು ಇದೆ. ನಿದ್ದೆಯಲ್ಲಿ ಅವಿದ್ಯೆಯೇ ಇಲ್ಲವೆಂದರೆ ಮಲಗಿದವರೆಲ್ಲ ಮುಕ್ತರಾಗಬೇಕು. ಹುಲಿಯಾಗಿ ಮಲಗಿದ್ದು ಹುಲಿಯಾಗಿಯೇ, ಸೊಳ್ಳೆಯಾಗಿ ಮಲಗಿದ್ದು ಸೊಳ್ಳೆಯಾಗಿಯೇ ಏಳುತ್ತದೆ ಎಂದು ಛಾಂದೋಗ್ಯ ಹೇಳುತ್ತದಲ್ಲ, ಯಾಕೆ? ಬ್ರಹ್ಮಸೂತ್ರದಲ್ಲೂ ಇದೇ ಪ್ರಶ್ನೆ: ಕೆರೆಗೆ ಹಾಕಿದ ಹನಿಯನ್ನೇ ಮತ್ತೆ ತೆಗೆಯಲಾಗದು, ನಿದ್ದೆಯಲ್ಲಿ ಬ್ರಹ್ಮದೊಡನೆ ಒಂದಾದವನೇ ಮತ್ತೆ ಎದ್ದಾನೆ ಎನ್ನುವುದು ಹೇಗೆ? ಅಲ್ಲಿ ಶಂಕರರ ಉತ್ತರ: ನೀರಿನಲ್ಲಿ ಬೇರ್ಪಡಿಸುವ ಕಾರಣವಿಲ್ಲ, ಇಲ್ಲಿ ಕರ್ಮ ಮತ್ತು ಅವಿದ್ಯೆ ಇದೆ. ಹಾಲು ನೀರು ನಮಗೆ ಬೇರೆ ಮಾಡಲಾಗದು, ಹಂಸ ಮಾಡುತ್ತದೆ. ನಿನ್ನೆ ಅರ್ಧ ಮಾಡಿಟ್ಟ ಕೆಲಸವನ್ನು ಇಂದು ಮುಂದುವರಿಸುವವನು ಅವನೇ. ‘ಅವಿದ್ಯೆ ಇದೆ’ ಎಂಬ ಆ ಮಾತನ್ನು ಹೊಳೆನರಸೀಪುರದವರು ಎಚ್ಚರದ ದೃಷ್ಟಿಯಿಂದ ಹೇಳಿದ್ದು ಎಂದು ಓದಬೇಕಾಗುತ್ತದೆ. ಓದಬಹುದು, ಸ್ವಲ್ಪ ಎಳೆಯಬೇಕು.

ಬೌದ್ಧರಿಗೆ ಆತ್ಮವೇ ಇಲ್ಲ, ಆದರೂ ಇದೇ ಹಳ್ಳ ದಾಟಬೇಕು. ಕ್ಷಣಕ್ಷಣಕ್ಕೆ ಹುಟ್ಟಿ ಸಾಯುವ ವಿಜ್ಞಾನದ (ಅರಿವಿನ) ಸರಣಿ ಗಾಢನಿದ್ದೆಯಲ್ಲಿ ಕಡಿದರೆ ಬೆಳಿಗ್ಗೆ ಜೋಡಿಸುವುದು ಯಾವುದು? ಬೌದ್ಧ ದಾರ್ಶನಿಕ ವಸುಬಂಧು ತನ್ನ ಮೂವತ್ತು ಕಾರಿಕೆಗಳಲ್ಲಿ ಮನೋವಿಜ್ಞಾನ ನಿಲ್ಲುವ ಐದು ಸ್ಥಿತಿಗಳನ್ನು ಹೆಸರಿಸುತ್ತಾನೆ, ಚಿತ್ತವಿಲ್ಲದ ನಿದ್ದೆ ಮತ್ತು ಮೂರ್ಛೆ ಅದರಲ್ಲಿ ಸೇರಿವೆ. ಅಡಿಯಲ್ಲಿ ಆಲಯವಿಜ್ಞಾನ, ಸಂಸ್ಕಾರಗಳ ಉಗ್ರಾಣವಾದ ಅರಿವು, ಹೊಳೆಯಂತೆ ಹರಿಯುತ್ತಲೇ ಇರುತ್ತದೆ. ಪಾಳಿ ಗ್ರಂಥಗಳ ಬೌದ್ಧರು ಅದೇ ಜಾಗಕ್ಕೆ ಭವಂಗ ಎಂಬ ಅಡಿಯ ಚಿತ್ತವನ್ನು ಇಟ್ಟರು. ಆತ್ಮವನ್ನು ಮುಂಬಾಗಿಲಿಂದ ಕಳಿಸಿ ಹಿತ್ತಿಲಿಂದ ಕರೆದುಕೊಂಡಿರಿ ಎಂದು ವೈದಿಕರು ಛೇಡಿಸಿದ್ದು ಪೂರ್ತಿ ನ್ಯಾಯವಲ್ಲ, ಹೊಳೆ ಒಂದು ವಸ್ತುವಲ್ಲವಲ್ಲ.

ಯುರೋಪಿನಲ್ಲಿ ಈ ಪ್ರಶ್ನೆ ಎದ್ದದ್ದು ಫ್ರೆಂಚ್ ದಾರ್ಶನಿಕ ದೆಕಾರ್ತನಿಂದ. ಯೋಚನೆಯೇ ಆತ್ಮದ ಸ್ವರೂಪವೆಂದ ಮೇಲೆ ಆತ್ಮ ಸದಾ ಯೋಚಿಸುತ್ತಿರಲೇಬೇಕು, ಮಲಗಿದ್ದಾಗಲೂ. 1641ರಲ್ಲಿ ಅವನ ಸಮಕಾಲೀನ ಗಸ್ಸೆಂಡಿ ಇದನ್ನು ಹಿಡಿದ: ತಾಯಿಯ ಹೊಟ್ಟೆಯಲ್ಲಿದ್ದಾಗ ಏನು ಯೋಚಿಸುತ್ತಿದ್ದೆ? ಯೋಚಿಸುತ್ತಿದ್ದೆ, ನೆನಪಿಲ್ಲ ಎಂಬುದು ದೆಕಾರ್ತನ ಜವಾಬು. ಕಾಲಿಗೆ ತಗುಲಿದ ಹುಲ್ಲಿನ ವಾದವೇ. ಇಂಗ್ಲೆಂಡಿನ ದಾರ್ಶನಿಕ ಲಾಕ್ ಒಪ್ಪಲಿಲ್ಲ. ಹೀಗೆಂದುಕೊಳ್ಳಿ ಎಂದ: ಕ್ಯಾಸ್ಟರ್ ಮಲಗಿದ್ದಾಗ ಅವನ ಆತ್ಮ ಪೊಲಕ್ಸನ ಮೈಯಲ್ಲಿ ಯೋಚಿಸುತ್ತದೆ, ಪೊಲಕ್ಸ್ ಮಲಗಿದಾಗ ಕ್ಯಾಸ್ಟರನ ಮೈಯಲ್ಲಿ. ಇಬ್ಬರಿಗೂ ಪರಸ್ಪರ ಗೊತ್ತಿಲ್ಲ. ಆಗ ಆತ್ಮ ಒಂದೇ, ಆಸಾಮಿ ಇಬ್ಬರು. ಹಾಗಾಗಿ ಆಸಾಮಿಯನ್ನು ಗುರುತಿಸಲು ಆತ್ಮದ್ರವ್ಯ ಉಪಯೋಗಕ್ಕೆ ಬಾರದು, ಅರಿವಿನ ನಂಟೇ ಬೇಕು. ನೈಯಾಯಿಕನಿಗೆ ಇದಕ್ಕಿಂತ ಕಹಿ ಗುಳಿಗೆ ಇಲ್ಲ. ಸ್ಕಾಟ್ಲೆಂಡಿನ ದಾರ್ಶನಿಕ ಹ್ಯೂಮ್ 1739ರಲ್ಲಿ ಇನ್ನೂ ಮುಂದೆ ಹೋಗಿ, ಗಾಢನಿದ್ದೆಯಲ್ಲಿ ನನಗೆ ನನ್ನ ಅರಿವಿಲ್ಲ, ಅಷ್ಟು ಹೊತ್ತು ನಾನು ಇಲ್ಲ ಎಂದೇ ಹೇಳಬಹುದು ಎಂದ. ಇಂದ್ರನ ದೂರನ್ನೇ ಹ್ಯೂಮ್ ತೀರ್ಪು ಮಾಡಿಬಿಟ್ಟ.

ಜರ್ಮನ್ ದಾರ್ಶನಿಕ ಲೈಬ್ನಿಜ್ ಮಾತ್ರ ಅಜಾತಶತ್ರುವಿನ ಕೈಯನ್ನು ನೆನಪಿಸುತ್ತಾನೆ. ಎಷ್ಟೇ ಗಾಢನಿದ್ದೆಯಿರಲಿ, ಸದ್ದಿನ ಶುರುವಾತು ಒಂದಿಷ್ಟಾದರೂ ಒಳಗೆ ತಾಗದಿದ್ದರೆ ಜಗತ್ತಿನ ಅತಿ ದೊಡ್ಡ ಸದ್ದೂ ನಮ್ಮನ್ನು ಎಬ್ಬಿಸಲಾರದು. ಸಮುದ್ರದ ಮೊರೆತದಲ್ಲಿ ಒಂದೊಂದು ಅಲೆಯ ಸದ್ದೂ ಬೇರೆಯಾಗಿ ಕೇಳುವುದಿಲ್ಲ, ಕೇಳದೆ ಮೊರೆತವೂ ಇಲ್ಲ. ಲಾಕ್‌ಗೆ ಉತ್ತರವಾಗಿ ಇದನ್ನು ಬರೆದು ಮುಗಿಸುವ ಹೊತ್ತಿಗೆ, 1704ರಲ್ಲಿ, ಲಾಕ್ ತೀರಿಕೊಂಡ. ಪುಸ್ತಕ ಅಚ್ಚಾದದ್ದು 1765ರಲ್ಲಿ, ಲೈಬ್ನಿಜ್ ಕೂಡ ಹೋದ ಮೇಲೆ.

1953ರಲ್ಲಿ ನಿದ್ದೆಯ ಸಂಶೋಧಕರಾದ ಅಸೆರಿನ್‌ಸ್ಕಿ, ಕ್ಲೈಟ್‌ಮನ್ ನಿದ್ದೆಯಲ್ಲಿ ಕಣ್ಣಾಲಿ ವೇಗವಾಗಿ ಅಲುಗುವ ಹಂತವನ್ನು ವರದಿ ಮಾಡಿದ ಮೇಲೆ, ಆ ಹಂತವೆಂದರೆ ಕನಸು, ಉಳಿದದ್ದು ಬರಿದು ಎಂಬ ಲೆಕ್ಕ ಕೆಲಕಾಲ ನಡೆಯಿತು. ಉಳಿದ ಹಂತಗಳಲ್ಲೂ ಎಬ್ಬಿಸಿ ಕೇಳಿದಾಗ ಲೆಕ್ಕ ಕೆಟ್ಟಿತು. ಪ್ರಯೋಗಶಾಲೆಯಲ್ಲಿ ಎಬ್ಬಿಸಿದ ತಕ್ಷಣ ಸಿಗುವ ಉತ್ತರ ಮೂರು ಬಗೆ: ಇಂಥದ್ದು ಕಂಡೆ; ಏನೂ ಇರಲಿಲ್ಲ; ಏನೋ ಇತ್ತು, ಏನೆಂದು ಹೇಳಲು ಬರುತ್ತಿಲ್ಲ. ಈ ಮೂರನೆಯದಕ್ಕೆ ಸಂಶೋಧಕರು ‘ಬಿಳಿ ಕನಸು’ ಎನ್ನುತ್ತಾರೆ. 2016ರಲ್ಲಿ ಜೆನಿಫರ್ ವಿಂಟ್, ಟೋರೆ ನೀಲ್ಸನ್, ಇವಾನ್ ಥಾಂಪ್ಸನ್ ಸೇರಿ ಕನಸಿಲ್ಲದ ನಿದ್ದೆಯನ್ನು ಅರಿವಿಲ್ಲದ ಸ್ಥಿತಿ ಎಂದು ಸಾರಾಸಗಟಾಗಿ ಬರೆದುಬಿಡುವುದನ್ನು ಪ್ರಶ್ನಿಸಿದರು. ಇವರಲ್ಲಿ ಥಾಂಪ್ಸನ್ ಅದ್ವೈತ–ನ್ಯಾಯಗಳ ಈ ವಾದವನ್ನೇ ಎದುರಿಟ್ಟುಕೊಂಡು ಬರೆದವರು.

ಯಂತ್ರ ಮಿದುಳಿನ ಅಲೆ ತೋರಿಸುತ್ತದೆ. ‘ಏನೂ ಇರಲಿಲ್ಲ’ ಎಂಬ ಅಂಕ ಮಾತ್ರ ಈಗಲೂ ಎದ್ದವನ ಬಾಯಿಂದಲೇ ಬರಬೇಕು, ಅದು ನೆನಪೋ ಊಹೆಯೋ ಎಂಬ ಪ್ರಶ್ನೆಯ ಸಮೇತ. ಅಲ್ಲಿ ಕೇಳುವ ಪ್ರಶ್ನೆಗಳಿಗೆ ಇನ್ನೊಂದು ಸೇರಿಸಬೇಕು ಎನಿಸುತ್ತದೆ: ಎಷ್ಟು ಹೊತ್ತು ಮಲಗಿದ್ದಿರಿ ಅನ್ನಿಸುತ್ತದೆ? ಕಿಟಕಿಯಿಲ್ಲದ, ಗಡಿಯಾರವಿಲ್ಲದ ಕೋಣೆಯಲ್ಲಿ, ಹೊತ್ತುಹೊತ್ತಿಗೆ ಎಬ್ಬಿಸಿ, ‘ಏನೂ ಇರಲಿಲ್ಲ’ ಎಂದವರನ್ನೇ ಕೇಳಬೇಕು.